ಸಂಕಟದ ಪಾಲು

ನನ್ನ ಮಗಳು ದಾನಮ್ಮ ಸತ್ತ ದಿನ ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯ ನಲ್ಲಿಯಲ್ಲಿ ಧಾರಾಳವಾಗಿ ನೀರು ಬಂತು. ತಿಂಗಳುಗಟ್ಟಲೆ ಹನಿಹನಿಯಾಗಿ ಇಳಿಯುತ್ತಿದ್ದ ನಲ್ಲಿ ಅಂದು ಕೊಡದ ತಳಕ್ಕೆ ಬಡಿದು ಸದ್ದು ಮಾಡಿತು. ನಾನು ಎರಡು ಕೊಡ ತುಂಬಿದೆ. ಆಮೇಲೆ ಹಂಡೆ ತುಂಬಿದೆ, ಪಾತ್ರೆಗಳನ್ನು ತುಂಬಿದೆ, ಕಡೆಗೆ ಹಿಟ್ಟು ನಾದುವ ಪರಾತವನ್ನೂ ಬಿಡಲಿಲ್ಲ. ಮಗಳು ಕೆಲಸದಿಂದ ಬಂದು ತಲೆಗೆ ನೀರು ಹಾಕಿಕೊಳ್ಳಲಿ ಎಂದು ಒಂದು ಬಕೆಟ್ಟನ್ನು ಬೇರೆಯಾಗಿ ತೆಗೆದಿಟ್ಟೆ. ಶಿವನಿಗೆ ಕೈಮುಗಿದೆ. ಇಷ್ಟು ದಿನಕ್ಕೆ ಕಣ್ಣು ತೆರೆದೆಯಲ್ಲ ತಂದೆ ಎಂದು ಬಾಯಿಬಿಟ್ಟು ಹೇಳಿದೆ.

ಆಗ ಪಕ್ಕದ ಮನೆಯ ಬಾಳವ್ವ ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಕೊಡ ಇರಲಿಲ್ಲ.

"ಮಾಸ್ತರ, ನಳ ಬಂದ್ ಮಾಡ್ರಿ."

"ಯಾಕವ್ವ? ನಿಮ್ಮನಿಯಾಗ ಬಂದಿಲ್ಲೇನು?"

"ಬಂದೈತ್ರಿ. ಓಣಿ ತುಂಬ ಬಂದೈತಿ." ಅವಳು ಹೊಸ್ತಿಲ ಮೇಲೆ ಕುಳಿತಳು. "ದಾನವ್ವ ಹೋದಳ್ರಿ. ಮಧ್ಯಾಹ್ನಾನ ಹೋದಳು. ಬ್ರಶ್ ಶೆಡ್ಡಿನ್ಯಾಗ ಬಡದು ಕೊಂದಾರ. ನಿಮಗ ಹ್ಯಾಂಗ ಹೇಳೂದಂತ ಎಲ್ಲಾರೂ ಬಾಗಲಾ ಹಾಕ್ಕೊಂಡು ಕುಂತೇವಿ."

ಮಧ್ಯಾಹ್ನದಿಂದ ಓಣಿಗೆ ಓಣಿಯೇ ಅತ್ತಿತ್ತು. ಆ ಅಳುವಿಗೆ ನೀರು ಬಂದಿತ್ತು. ತಿಳಿಯದವನು ನಾನೊಬ್ಬನೇ. ತಿಳಿಯದೆ ಕೈಮುಗಿದು, ಮಗಳ ಸಾವಿನ ನೀರನ್ನು ಮನೆಯ ಪಾತ್ರೆಗಳಲ್ಲೆಲ್ಲ ತುಂಬಿಟ್ಟಿದ್ದೆ.

ಅಳುವಿಗೂ ನೀರಿಗೂ ಏನು ಸಂಬಂಧ ಎಂದು ಓದುವವರು ಕೇಳಬಹುದು. ಅದನ್ನು ಹೇಳಬೇಕಾದರೆ ಊರಿನ ಸಂಗತಿಯನ್ನು ಹೇಳಬೇಕು.

ನಮ್ಮ ಊರಿಗೆ ಉಸುಕಿನಹಾಳ ಎಂದು ಹೆಸರಿಟ್ಟವರು ನಾವೇ. ಕಂಪನಿಯ ಕಾಗದಗಳಲ್ಲಿ ಅದಕ್ಕೊಂದು ನಂಬರು ಮಾತ್ರ ಇದೆ. ಪಶ್ಚಿಮದ ಮರುಭೂಮಿಯಲ್ಲಿ ಹರದಾರಿಗಟ್ಟಲೆ ಸೂರ್ಯಫಲಕಗಳನ್ನು ನಿಲ್ಲಿಸಿದ್ದಾರೆ. ಗಾಳಿ ದಿನವೂ ಅವುಗಳ ಮೇಲೆ ಉಸುಕು ಸುರಿಯುತ್ತದೆ. ಬೆಳಗಿನ ಜಾವ ನಾಲ್ಕರಿಂದ ಒಂಬತ್ತರವರೆಗೆ ಉದ್ದನೆಯ ಕೋಲಿನ ಬ್ರಶ್ಶುಗಳಿಂದ ಅದನ್ನು ಒರೆಸಬೇಕು. ಆ ಕೆಲಸಕ್ಕೆಂದು ನಮ್ಮ ಕಡೆಯ ಮೂರು ತಾಲೂಕುಗಳಿಂದ ನಾನೂರು ಮನೆಗಳನ್ನು ಕರೆತಂದು ನಾಲ್ಕು ಓಣಿಗಳಲ್ಲಿ ಇಟ್ಟರು. ಮಕ್ಕಳಿಗೆ ಕನ್ನಡ ಕಲಿಸಲು ನಾನು ಬಂದೆ. ಹೆಂಡತಿ ಇಲ್ಲಿಗೆ ಬಂದ ಮೂರನೆಯ ವರ್ಷ ಲಿಂಗೈಕ್ಯಳಾದಳು. ಆಮೇಲೆ ನಾನು, ನನ್ನ ಮಗಳು, ಇಬ್ಬರೇ.

ನೀರು ಒಂದೇ ಬಾವಿಯದು. ಸಾವಿರದಿನ್ನೂರು ಅಡಿ ಕೆಳಗಿನ ಉಪ್ಪುನೀರನ್ನು ಯಂತ್ರ ಸೋಸಿ ಕೊಡುತ್ತದೆ. ದಿನಕ್ಕೆ ಇಷ್ಟೇ ಎಂದು ಮಿತಿಯಿದೆ, ಅದಕ್ಕಿಂತ ಒಂದು ತಂಬಿಗೆಯೂ ಹೆಚ್ಚು ಬರುವುದಿಲ್ಲ.

ಮೊದಲ ವರ್ಷಗಳಲ್ಲಿ ಕಂಪನಿಯವರು ಬೇಸಿಗೆ ಬಂದಾಗಲೆಲ್ಲ ಮನೆಮನೆಗೆ ಜನರನ್ನು ಕಳಿಸುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈ ಊರಿನಲ್ಲಿ ಬದುಕುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು? ನಮ್ಮ ಜನ ಒಂದೇ ಉತ್ತರ ಕೊಡುತ್ತಿದ್ದರು: ಚಲೋ ಐತ್ರಿ, ಏನೂ ತ್ರಾಸಿಲ್ಲ. ಮನೆಗೆ ಬಂದವರ ಮುಂದೆ ಕಷ್ಟ ತೋಡಿಕೊಳ್ಳುವುದು ನಮ್ಮಲ್ಲಿ ನಾಚಿಕೆಯ ಕೆಲಸ. ಬಾಳವ್ವ ಆ ದಿನದ ಕುಡಿಯುವ ನೀರನ್ನೆಲ್ಲ ಚಹಾ ಮಾಡಿ ಅವರಿಗೆ ಕೊಟ್ಟು, "ನಮಗೇನ್ ಕಡಿಮಿ ಆಗೇತ್ರಿ? ಬಿಸಲೊಂದು ಜಾಸ್ತಿ, ಅದೂ ಪುಕ್ಕಟ" ಎಂದು ನಗಿಸಿ ಕಳಿಸಿದ್ದಳು. ಅದಕ್ಕೆ ಹದಿನೈದು ದಿನ ಮುಂಚೆ ಅವಳ ಮೊಮ್ಮಗಳು, ಐದು ತಿಂಗಳ ಕೂಸು, ನೀರಿಲ್ಲದೆ ಬಿಸಿಲಿನ ತಾಪಕ್ಕೆ ತೊಟ್ಟಿಲಲ್ಲೇ ಸತ್ತಿತ್ತು. ಆ ಮಾತನ್ನು ಅವಳು ಎತ್ತಲಿಲ್ಲ.

ನಾಲಗೆಯನ್ನು ನಂಬಿ ಫಲವಿಲ್ಲ, ಶರೀರವನ್ನೇ ಕೇಳೋಣ ಎಂದು ಎಂಜಿನಿಯರುಗಳು ತೀರ್ಮಾನಿಸಿದರು. ಆಗ ಕಡಗ ಬಂತು. ಮಣಿಕಟ್ಟಿಗೆ ಹಾಕುವ ಬೂದುಬಣ್ಣದ ಪಟ್ಟಿ ಅದು. ನಾಡಿಯ ಓಟ, ಬೆವರಿನ ಉಪ್ಪು, ಚರ್ಮದ ಬಿಸಿ, ಒಳಗಿನ ಸಣ್ಣ ನಡುಕ, ಇಷ್ಟನ್ನೂ ಅಳೆದು ಆ ಮನುಷ್ಯ ಎಷ್ಟು ಸಂಕಟದಲ್ಲಿದ್ದಾನೆ ಎಂಬುದನ್ನು ಒಂದು ಅಂಕವಾಗಿ ಮಾಡಿ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ದಿನದ ನೀರಿನಲ್ಲಿ ಅರ್ಧವನ್ನು ನಾಲ್ಕು ಓಣಿಗಳಿಗೂ ಸಮನಾಗಿ ಬಿಡುವರು. ಇನ್ನರ್ಧ ಸಂಕಟ ಹೆಚ್ಚಿದ್ದ ಓಣಿಗೆ ಹೆಚ್ಚು, ಕಡಿಮೆ ಇದ್ದ ಓಣಿಗೆ ಕಡಿಮೆ. ಸಂಜೆ ನಾಲ್ಕಕ್ಕೆ ಯಂತ್ರ ತಾನೇ ಹಂಚುತ್ತಿತ್ತು. ಕಡಗ ಬಿಚ್ಚಿದವರು ಊರಲ್ಲಿಲ್ಲ ಎಂದು ಎಣಿಸಿ ಅವರ ಪಾಲನ್ನು ತೆಗೆದುಬಿಡುತ್ತಿತ್ತು.

ಉದ್ದೇಶ ಕೆಟ್ಟದ್ದಾಗಿತ್ತೆಂದು ನಾನು ಹೇಳುವುದಿಲ್ಲ. ಕಡಗ ಬಂದ ಮೊದಲ ವರ್ಷ ನಾಲ್ಕನೆಯ ಓಣಿಯಲ್ಲಿ ವಾಂತಿಭೇದಿ ಹಬ್ಬಿದಾಗ ಯಾರೂ ಕೇಳದೆಯೇ ಅಲ್ಲಿಗೆ ನೀರು ಹರಿದು ಅನೇಕರು ಉಳಿದರು. ಹಂಚಿಕೆಯ ಲೆಕ್ಕಾಚಾರ ಹೇಗೆಂಬುದನ್ನು ಮಾತ್ರ ಕಂಪನಿ ಜನರಿಗೆ ತಿಳಿಸಿರಲಿಲ್ಲ. ಕಡಗ ಆರೋಗ್ಯ ನೋಡಲಿಕ್ಕೆ ಎಂದಷ್ಟೇ ಹೇಳಿದ್ದರು. ತಿಳಿದಿದ್ದವರು ಇಬ್ಬರು. ನಿಯಂತ್ರಣ ಕೊಠಡಿಯ ಎಂಜಿನಿಯರು ಶ್ರೀನಿಧಿ, ಮೈಸೂರಿನ ಹುಡುಗ. ಅವನ ಕೈಕೆಳಗೆ ಅಂಕಗಳನ್ನು ನೋಡುತ್ತಿದ್ದ ನನ್ನ ದಾನಮ್ಮ.

ಅವಳು ಹೊರಗೆ ಹೇಳಬಾರದಿತ್ತು, ನನಗೆ ಹೇಳಿದಳು. ಒಂದು ದಿನ ಊಟಕ್ಕೆ ಕುಳಿತಾಗ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು.

"ಅಪ್ಪಾ, ನಮ್ಮ ಎರಡನೇ ಓಣಿಗೆ ಯಾವಾಗಲೂ ಯಾಕ ನೀರು ಕಡಿಮಿ, ಗೊತ್ತೇನು ನಿನಗ? ನಿನ್ನ ಭಜನಿಂದ."

ನಮ್ಮ ಓಣಿಯಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಎಲ್ಲರೂ ನಮ್ಮ ಮನೆಯ ಮುಂದಿನ ನೆರಳಿನಲ್ಲಿ ಕೂಡಿ ಶಿವನಾಮ ಹೇಳುತ್ತಿದ್ದೆವು. ನಾಮ ಹೇಳುತ್ತಿದ್ದರೆ ಉಸಿರು ನಿಧಾನವಾಗುತ್ತದೆ, ನಾಡಿ ಇಳಿಯುತ್ತದೆ. ಯಂತ್ರ ನಾಲ್ಕು ಗಂಟೆಗೆ ನೋಡಿದಾಗ ಎರಡನೆಯ ಓಣಿ ಸುಖವಾಗಿದೆ ಎಂದು ಬರೆದುಕೊಳ್ಳುತ್ತಿತ್ತು.

ಅವಳು ಶ್ರೀನಿಧಿಗೆ ಇದನ್ನು ತೋರಿಸಿದ್ದಳಂತೆ. "ಬಾಯಾರಿದವರೂ ಸಮಾಧಾನವಾಗಿರಬಹುದು ಅಲ್ವೇನ್ರೀ ಸರ್?" ಎಂದು ಕೇಳಿದ್ದಳಂತೆ. ಅವನು, "ಸಮಾಧಾನ ಇದ್ರೆ ಸರಿ ತಾನೆ ಮೇಡಂ, ಇನ್ನೇನು ಬೇಕು?" ಎಂದನಂತೆ.

"ಅಪ್ಪಾ, ಇದು ನಿನ್ನೊಳಗ ಇರ್ಲಿ. ಎಲ್ಲಿಯೂ ಬಾಯಿ ಬಿಡಬ್ಯಾಡ" ಎಂದಳು. ಆಣೆ ಹಾಕಿಸಲಿಲ್ಲ. ಅಪ್ಪನಿಗೆ ಹೇಳಿದರೆ ಸಾಕು ಎಂದುಕೊಂಡಳು.

ನಮ್ಮ ಓಣಿಯಲ್ಲಿ ಒಂದು ರೂಢಿಯಿತ್ತು. ಸೋಮವಾರ ಭಜನೆ ಮುಗಿದ ಮೇಲೆ ಪ್ರತಿಯೊಬ್ಬರೂ ಆ ವಾರ ಮನಸ್ಸಿನಲ್ಲಿ ಮುಚ್ಚಿಟ್ಟದ್ದನ್ನು ಎಲ್ಲರೆದುರು ಹೇಳಬೇಕು. ಅತ್ತೆಯನ್ನು ಬೈದದ್ದು, ನೆರೆಯವರ ಸಕ್ಕರೆ ತೆಗೆದದ್ದು, ಇಂಥವೇ ಇರುತ್ತಿದ್ದವು. ಕೇಳಿ ನಗುತ್ತಿದ್ದೆವು, ಕ್ಷಮಿಸುತ್ತಿದ್ದೆವು. ಆ ರೂಢಿಯನ್ನು ಹಾಕಿಕೊಟ್ಟವನೇ ನಾನು. ಆ ಸೋಮವಾರ ನನ್ನ ಸರದಿ ಬಂದಾಗ ಮುಚ್ಚಿಡಲು ನನ್ನಿಂದ ಆಗಲಿಲ್ಲ. ನೀರು ಸಂಕಟವನ್ನು ನೋಡಿ ಬರುತ್ತದೆ, ನಾವು ಶಾಂತವಾಗಿರುವುದರಿಂದ ನಮಗೆ ಬರುತ್ತಿಲ್ಲ ಎಂದು ಹೇಳಿಬಿಟ್ಟೆ. ಸತ್ಯ ನುಡಿದೆನೆಂಬ ತೃಪ್ತಿ ಬೇರೆ.

ಯಾರೂ ನಗಲಿಲ್ಲ. ಬ್ರಶ್ ಶೆಡ್ಡಿನ ಮೇಸ್ತ್ರಿ ಚೆನ್ನವೀರ ಮೆಲ್ಲಗೆ, "ಅಂದ್ರ ಮಾಸ್ತರ, ಇಷ್ಟು ದಿನ ನಾವು ಕುಂತು ಹಾಡಿ ಹಾಡಿ ನಮ್ಮ ಹುಡುಗರನ್ನ ಒಣಗಿಸೇವಿ" ಎಂದ.

ದಾನಮ್ಮ ಸುದ್ದಿ ಕೇಳಿ ಮನೆಗೆ ಬಂದವಳು ನನ್ನನ್ನು ಬೈಯಲಿಲ್ಲ. "ಏನ್ ಮಾಡಿದ್ಯಪ್ಪಾ ನೀ" ಎಂದಳು, ಅಷ್ಟೇ.

ಮರುದಿನದಿಂದ ಭಜನೆ ನಿಂತಿತು. ಮೂರು ಗಂಟೆಯ ಬಿಸಿಲಿನಲ್ಲಿ ಗಂಡಸರು ಓಣಿಯ ಈ ತುದಿಯಿಂದ ಆ ತುದಿಗೆ ಓಡತೊಡಗಿದರು. ಹೆಂಗಸರು ಕಣ್ಣಿಗೆ ಮೆಣಸಿನಕಾಯಿ ತಿಕ್ಕಿಕೊಂಡರು. ಅಂದು ನೀರು ಎರಡು ಕೊಡ ಹೆಚ್ಚು ಬಂತು. ವಾರದೊಳಗೆ ಉಳಿದ ಮೂರು ಓಣಿಗಳಿಗೂ ವಿಷಯ ತಿಳಿಯಿತು, ಅವರೂ ಓಡಿದರು. ಎಲ್ಲರೂ ಓಡಿದರೆ ಯಾರಿಗೂ ಹೆಚ್ಚಿಲ್ಲ. ಆಗ ಹೊಡೆತ ಶುರುವಾಯಿತು.

ಚೆನ್ನವೀರ ಪಾಳಿ ಹಚ್ಚಿದ. ದಿನಕ್ಕೆ ಮನೆಗೊಬ್ಬರಂತೆ ಮೂರೂವರೆಗೆ ಬ್ರಶ್ ಶೆಡ್ಡಿಗೆ ಬರಬೇಕು. ಬ್ರಶ್ಶಿನ ಕೋಲಿನಿಂದ ಬೆನ್ನಿಗೆ, ತೊಡೆಗೆ, ಅಂಗಾಲಿಗೆ ಹೊಡೆಯುವರು. ಮೊದಮೊದಲು ಅದರಲ್ಲೂ ನಗೆಯಿತ್ತು. "ನನ್ನ ಪಾಳಿ ಬಂದಾಗ ನಮ್ಮ ಸೊಸಿ ತಾನ ಮುಂದ ಬಂದು ಕೋಲ ಹಿಡದಾಳ್ರಿ ಮಾಸ್ತರ, ಇಷ್ಟು ದಿನ ಈ ಹುರುಪು ಎಲ್ಲಿ ಇಟ್ಟಿದ್ಲೋ" ಎಂದು ಬಾಳವ್ವ ಬಾಸುಂಡೆ ತೋರಿಸಿ ಹೇಳಿದ್ದಳು. ನನ್ನ ಪಾಳಿಯಲ್ಲಿ ನನಗೆ ಎರಡು ಹಲ್ಲು ಹೋದವು. ನಾನು ಶಿವಶಿವಾ ಎನ್ನುತ್ತ ಕುಳಿತೆ. ಅವರು ನಾಡಿ ಹಿಡಿದು ನೋಡಿದರು, ಅದು ಏರಿರಲಿಲ್ಲ. "ಮಾಸ್ತರಗ ಹೊಡದ್ರ ಕೈ ನೋವಾಗೂದಷ್ಟ. ನಡೀರಿ ಮನಿಗೆ" ಎಂದು ಚೆನ್ನವೀರ ಕಳಿಸಿಬಿಟ್ಟ.

ಕೆಲವು ದಿನಗಳಲ್ಲಿ ನಗೆ ಹೋಯಿತು. ಶರೀರ ಪೆಟ್ಟಿಗೆ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಂಡ ಶರೀರದ ಅಂಕ ಇಳಿಯುತ್ತದೆ. ಬೆರಳು ಮುರಿದರು. ಕಾಯಿಸಿದ ಸೌಟು ಇಟ್ಟರು. ತಾಯಿಯ ಕಣ್ಣೆದುರಿಗೆ ಮಗುವಿಗೆ ಹೊಡೆದರೆ ಇಬ್ಬರ ಅಂಕವೂ ಏರುತ್ತದೆಂದು ಸಂಜೆಯ ನೀರಿನಿಂದ ಯಾರೋ ಕಂಡುಹಿಡಿದರು. ನಮ್ಮ ಶಾಲೆಯ ಮಕ್ಕಳು ಪಾಟಿ ಹಿಡಿಯಲಾರದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದರು. ಪೆಟ್ಟಿಗಿಂತ ಭಯದ ತೂಕ ಹೆಚ್ಚೆಂದು ಆಮೇಲೆ ತಿಳಿಯಿತು. ಮೂರನೆಯ ಓಣಿಯವರು ತಮ್ಮದೇ ಮನೆಗಳಿಗೆ ಬೆಂಕಿ ಹಚ್ಚಿ, ಒಳಗೆ ಜನರಿರುವಾಗಲೇ ಹೊರಗಿನಿಂದ ಚಿಲಕ ಹಾಕಿ, ಒಂದು ಗಳಿಗೆ ಬಿಟ್ಟು ತೆಗೆಯುತ್ತಿದ್ದರು. ಒಂದು ದಿನ ತೆಗೆಯುವುದು ತಡವಾಯಿತು. ಒಬ್ಬ ಮುದುಕ ಬೆಂದುಹೋದ.

ಆ ಸಂಜೆ ಮೂರನೆಯ ಓಣಿಗೆ ಸ್ನಾನಕ್ಕಾಗುವಷ್ಟು ನೀರು ಬಂತು. ಎಲ್ಲಕ್ಕಿಂತ ಶೋಕದ ತೂಕ ಹೆಚ್ಚೆಂದು ಊರಿಗೆ ಗೊತ್ತಾಯಿತು. ಎಂಟು ದಿನಗಳ ಮೇಲೆ ಮೊದಲನೆಯ ಓಣಿಯ ಒಬ್ಬ ಎಳೆಯ ಬಾಣಂತಿ ಫಲಕದ ಚೌಕಟ್ಟಿನ ಮೇಲಿಂದ ಬಿದ್ದು ಸತ್ತಳು. ಬಾಣಂತಿ ಅಲ್ಲಿಗೆ ಯಾಕೆ ಹತ್ತಿದ್ದಳೆಂದು ಯಾರೂ ಕೇಳಲಿಲ್ಲ.

ದಾನಮ್ಮ ಕೇಳಿದಳು. ಓಣಿಯಿಂದ ಓಣಿಗೆ ಹೋಗಿ, ನೀರು ಹಂಚುವ ಬಗೆಯನ್ನು ಬದಲಿಸಲು ಕಂಪನಿಗೆ ಬರೆಯೋಣ, ಎಲ್ಲರೂ ಸಹಿ ಹಾಕಿರಿ ಎಂದು ಕೈ ಹಿಡಿದು ಬೇಡಿದಳು. ಊರಿನ ಅರ್ಧ ಹೆಣ್ಣುಮಕ್ಕಳ ಹೆರಿಗೆಗೆ ಅವಳು ಹತ್ತಿರವಿದ್ದವಳು. ಮದುವೆ ಒಲ್ಲೆನೆಂದು ನನ್ನೊಡನೆ ಉಳಿದವಳು, ಊರಿನ ಮಕ್ಕಳೆಲ್ಲ ತನ್ನವರೆಂಬಂತೆ ಇದ್ದಳು. ಅವಳನ್ನು ಪ್ರೀತಿಸದ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ. ಅದಕ್ಕಾಗಿಯೇ ಅವಳನ್ನು ಕೊಂದರು.

ಶೆಡ್ಡಿನಿಂದ ಅವಳನ್ನು ನಾನೂ ಬಾಳವ್ವನೂ ಚಾದರದಲ್ಲಿ ಎತ್ತಿ ತಂದೆವು. ಮುಖದಲ್ಲಿ ಗುರುತಿಗೆ ಏನೂ ಉಳಿದಿರಲಿಲ್ಲ. ಜಡೆಯಿಂದ ಗುರುತಿಸಿದೆ. ಮರುದಿನ ಬೆಳಿಗ್ಗೆ ಸಮಾಧಿ ಮಾಡಿದೆವು. ಉಸುಕಿನಲ್ಲಿ ಕುಣಿ ನಿಲ್ಲುವುದಿಲ್ಲ, ತೋಡಿದಷ್ಟೂ ಕುಸಿಯುತ್ತದೆ. ಬ್ರಶ್ಶಿನ ಪೆಟ್ಟಿಗೆಗಳ ಹಲಗೆಗಳನ್ನು ನಾಲ್ಕು ಕಡೆ ನಿಲ್ಲಿಸಿ, ಅವಳನ್ನು ಕೂಡ್ರಿಸಿ, ಅಂಗೈಯಲ್ಲಿ ಅವಳ ಇಷ್ಟಲಿಂಗವನ್ನಿಟ್ಟು ವಿಭೂತಿ ಹಾಕಿದೆ. ಬೆರಳುಗಳು ಮುರಿದಿದ್ದುದರಿಂದ ಲಿಂಗ ಅಂಗೈಯಲ್ಲಿ ನಿಲ್ಲಲಿಲ್ಲ. ಬಟ್ಟೆಯಿಂದ ಕಟ್ಟಿದೆ.

ಅಲ್ಲಿಂದ ನೇರವಾಗಿ ನಿಯಂತ್ರಣ ಕೊಠಡಿಗೆ ಹೋದೆ. ತಣ್ಣಗಿನ ಕೋಣೆ. ಗೋಡೆಯ ತುಂಬ ಅಂಕಗಳು ಓಡುತ್ತಿದ್ದವು. ಶ್ರೀನಿಧಿ ನನ್ನನ್ನು ಕಂಡು ಎದ್ದು ನಿಂತ. ಅವನ ಕಣ್ಣುಗಳು ಊದಿಕೊಂಡಿದ್ದವು.

"ನನ್ನ ಮಗಳ ಕಡೆಯ ಅಂಕ ಎಷ್ಟು?" ಎಂದು ಕೇಳಿದೆ.

"ಬೇಡಿ ಸರ್."

"ಹೇಳಪ್ಪ. ಆಕಿ ಶಿವನಾಮ ಹೇಳಿಕೊತ ಹೋಗಿರಬೇಕು. ನಾನ ಕಲಿಸೇನಿ. ಅಂಕ ಇಳಿದಿತ್ತಲ್ಲ?"

ಅವನು ಗೋಡೆಯ ಅಂಕಗಳ ಕಡೆ ತಿರುಗಿದ. "ಇಲ್ಲ ಸರ್. ಇಪ್ಪತ್ತೆರಡು ನಿಮಿಷ. ಮಾಪಕದಲ್ಲಿ ಅದಕ್ಕಿಂತ ಮೇಲೆ ಅಂಕಾನೇ ಇಲ್ಲ, ಅಲ್ಲೇ ನಿಂತಿತ್ತು." ಮತ್ತೆ ತಾನಾಗಿಯೇ ಹೇಳಿದ: "ನಾಲ್ಕು ಗಂಟೆಗೆ ನಿಮ್ಮ ಓಣೀಲಿ ಎಲ್ಲರಿಗಿಂತ ಹೆಚ್ಚು ಸಂಕಟ ಇದ್ದದ್ದು ಐದು ಜನಕ್ಕೆ. ಮಧ್ಯಾಹ್ನ ಶೆಡ್ಡಲ್ಲಿ ಅವರ ಜೊತೆ ಇದ್ದದ್ದೂ ಆ ಐದು ಜನಾನೇ. ಯಂತ್ರಕ್ಕೆ ಶೋಕ ಯಾವುದು, ಮಾಡಿದ ಪಾಪದ ನಡುಕ ಯಾವುದು, ಗೊತ್ತಾಗಲ್ಲ ಸರ್. ಎರಡಕ್ಕೂ ನೀರು ಬಿಡುತ್ತೆ."

"ನನ್ನದು?"

"ನಿಮ್ಮದು ತುಂಬಾ ಶಾಂತವಾಗಿತ್ತು."

ನಾನು ಹೊರಡಲು ತಿರುಗಿದೆ. ತಿರುಗಿದವನಿಗೆ ಅವನು ಇನ್ನೊಂದು ಸಂಗತಿ ಹೇಳಿದ. ನಾಲ್ಕನೆಯ ಓಣಿಯಲ್ಲಿ ನಿನ್ನೆಯಿಂದ ಒಂದೇ ಮನೆಯವರ ಅಂಕ ಏರುತ್ತಿದೆ, ಅದು ಭಯದ ಅಂಕ. ಆ ಮನೆಯಲ್ಲಿ ಪಾರ್ವತಿ ಎಂಬ ಹನ್ನೊಂದು ವರ್ಷದ ಹುಡುಗಿ. ನನ್ನ ಶಾಲೆಯವಳು. ಓಣಿಯ ಪ್ರೀತಿಯ ಕೂಸು.

"ಯಂತ್ರ ನಿಲ್ಲಿಸು. ತಲಿಗಿಷ್ಟು ಅಂತ ಸಮ ಹಂಚು."

"ಕೇಂದ್ರ ಕಚೇರಿ ಒಪ್ಪಲ್ಲ ಸರ್. ಎರಡು ಸಲ ಬರೆದೆ. ನಿವಾಸಿಗಳ ಅಭಿಪ್ರಾಯ ಇಲ್ಲದೆ ಬದಲಾಯಿಸೋ ಹಾಗಿಲ್ಲವಂತೆ. ಮುನ್ನೂರು ಮನೆಯ ಲಿಖಿತ ಅಭಿಪ್ರಾಯ ಬೇಕಂತೆ. ಅವರ ಹತ್ತಿರ ಇರೋ ಹಳೇ ಕಾಗದದಲ್ಲೆಲ್ಲ 'ಚಲೋ ಐತಿ' ಅಂತಾನೇ ಇದೆಯಲ್ಲ!"

ಶಾಲೆಯಿಂದ ನಾಲ್ಕು ನೋಟುಪುಸ್ತಕಗಳನ್ನು ತೆಗೆದುಕೊಂಡು ಅಂದೇ ಹೊರಟೆ. ಮೊದಲು ನಾಲ್ಕನೆಯ ಓಣಿಗೆ ಹೋದೆ. ಮೊದಲ ಮನೆಯವನು ಬಾಗಿಲು ತೆರೆದು, ನನ್ನನ್ನು ಕೂಡ್ರಿಸಿ, ಮುರಿದ ಕೈಯನ್ನು ಹಿಂದೆ ಮುಚ್ಚಿಕೊಂಡು, "ಚಲೋ ಐತ್ರಿ ಮಾಸ್ತರ, ಏನೂ ತ್ರಾಸಿಲ್ಲ" ಎಂದ. ಎರಡನೆಯವರೂ ಹಾಗೆಯೇ ಎಂದರು. ಮೂರನೆಯ ಮನೆಯಲ್ಲಿ ನನ್ನ ಊರುಗೋಲು ನೆಲಕ್ಕೆ ಬಿತ್ತು, ನಾನೂ ಅದರ ಪಕ್ಕದಲ್ಲಿ ಕುಳಿತುಬಿಟ್ಟೆ. ಆ ಮನೆಯ ಹೆಂಗಸಿಗೆ ಪ್ರಶ್ನೆ ಕೇಳಲಿಲ್ಲ. ನನ್ನದನ್ನೇ ಹೇಳಿದೆ. ಮಗಳು ಗುಟ್ಟಾಗಿ ಹೇಳಿದ್ದನ್ನು ಬಯಲು ಮಾಡಿದವನು ನಾನು, ಊರಿನ ಪ್ರತಿಯೊಂದು ಮುರಿದ ಬೆರಳಿಗೂ ಹೆಣಕ್ಕೂ ಮೊದಲು ಬಾಯಿ ತೆರೆದವನು ನಾನು, ಅವಳು ಸಾಯುತ್ತಿರುವಾಗ ನಾನು ಮಧ್ಯಾಹ್ನದ ನಿದ್ದೆಯಲ್ಲಿದ್ದೆ, ಎದ್ದು ಅವಳ ಸಾವಿಗೆ ದೇವರಿಗೆ ಕೈಮುಗಿದೆ ಎಂದು ಹೇಳಿದೆ. ನನ್ನ ಹಿಂದೆಯೇ ಬಂದಿದ್ದ ಬಾಳವ್ವ ಬಾಗಿಲಲ್ಲಿ ನಿಂತವಳು ಒಮ್ಮೆಲೇ ಬಾಯಿಬಿಟ್ಟಳು.

"ಬರ್ಕೋರಿ ಮಾಸ್ತರ. ಬಾಳವ್ವ, ಎರಡನೇ ಓಣಿ. ನನ್ನ ಮೊಮ್ಮಗಳು ನೀರಿಲ್ದ ಸತ್ಲು. ಸತ್ತ ಹದಿನೈದು ದಿನಕ್ಕ ನಾ ಚಹಾ ಮಾಡಿ ಕೊಟ್ಟು ನಕ್ಕೇನಿ. ಅವತ್ತ ಖರೇ ಹೇಳಿದ್ರ ಈ ಕಡಗಾನ ಬರ್ತಿದ್ದಿಲ್ಲ. ಈ ಊರಾಗ ಬದುಕೂದಂದ್ರ ಏನಂತೀರಿ? ನರಕರೀ. ಹಂಗ ಬರೀರಿ. ಚಂದಾಗಿ ಬರೀಬ್ಯಾಡ್ರಿ."

ಆ ಮನೆಯ ಹೆಂಗಸು ಅಳುತ್ತ ತನ್ನದನ್ನು ಹೇಳಿದಳು. ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಮಗನ ಅಂಗಾಲು ಸುಟ್ಟೆ ಎಂದು ಒಬ್ಬ ತಂದೆ ಬರೆಸಿದ. ಗಾಳಿ ನಿಂತ ದಿನ ಫಲಕಗಳೆಲ್ಲ ಬೆಳಗಿನಲ್ಲಿ ನದಿಯಂತೆ ಕಾಣುತ್ತವೆ, ಅದಕ್ಕಾಗಿ ಈ ಊರು ಬಿಡಲು ಮನಸ್ಸಿಲ್ಲ ಎಂದು ಒಬ್ಬಳು ಮುದುಕಿ ಬರೆಸಿದಳು. ಅದನ್ನೂ ಬರೆದೆ. ಪಾರ್ವತಿಯ ಓಣಿಯವರೇ, ಮುಂದಿನ ಸಾವಿಗೆ ಅವಳ ಹೆಸರನ್ನು ಎತ್ತಿದವರು ನಾವು ಎಂದು ಅವಳ ತಾಯಿಯ ಕಾಲು ಹಿಡಿದು ಹೇಳಿದರು. ಅವಳ ತಂದೆ ಕೊಡಲಿ ತೆಗೆದುಕೊಂಡು ಅವರಲ್ಲೊಬ್ಬನ ಭುಜ ಕಡಿದ. ಗಾಯಕ್ಕೆ ಬಟ್ಟೆ ಕಟ್ಟುತ್ತಿರುವಾಗಲೇ ಆ ಗಾಯಾಳು ತನ್ನ ಅಭಿಪ್ರಾಯ ಬರೆಸಿ ಹೆಬ್ಬೆಟ್ಟು ಒತ್ತಿದ.

ಮೂರನೆಯ ದಿನ ಬೆಳಿಗ್ಗೆ ಚೆನ್ನವೀರ ತಾನೇ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಅಂಗಳದ ಉಸುಕಿನಲ್ಲಿ ಕುಳಿತ.

"ನಂದೂ ಬರ್ಕೋರಿ ಮಾಸ್ತರ."

ನೋಟುಪುಸ್ತಕ ತೆರೆದು ಅವನ ಹೆಸರು ಬರೆದೆ.

"ಮೊದಲ ನಿಮ್ಮನ್ನ ಅಂತ ಮಾತಾತ್ರಿ. ನಿಮಗ ವಯಸ್ಸಾಗೇತಿ, ಜನ ಎರಡು ದಿನ ಅತ್ತು ಸುಮ್ಮನಾಗ್ತಾರ ಅಂತ ಬಿಟ್ಟಿವಿ. ದಾನವ್ವಗ ನಮ್ಮ ಮನಿಯಾಗ ಹುಡುಗಿಗೆ ಜ್ವರ ಅಂತ ಸುಳ್ಳ ಹೇಳಿ ಕರದೆ. ಶೆಡ್ಡಿನ ಬಾಗಲ್ದಾಗ ತಿಳೀತು ಆಕಿಗೆ. ಓಡಿದ್ಲು. ನಾನ ಜಡಿ ಹಿಡದೆ. 'ಚೆನ್ನಣ್ಣಾ, ನಿನ್ನ ಮಗಳ ಹೊಕ್ಕಳ ನಾನ ಕೊಯ್ದೇನೋ' ಅಂದ್ಲು. ಮೊದಲನೇ ಏಟು ನಂದ ರೀ. ಆ ಸಂಜಿ ನೀರು ಬಂತು. ನನ್ನ ಹೇಣ್ತಿ ಒಂದು ಹನಿ ಮುಟ್ಟಲಿಲ್ಲ."

ಕುಡುಗೋಲು ಅಂಗಳದ ಮೂಲೆಯಲ್ಲೇ ಇತ್ತು. ಅವನ ಕುತ್ತಿಗೆ ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ನಾನು ಕುಡುಗೋಲಿನ ಕಡೆ ನೋಡಿದೆ, ಅವನೂ ನೋಡಿದ. ನೋಡಿ ತಲೆ ತಗ್ಗಿಸಿ ಕೊಟ್ಟ. ಶಿವನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಮಗಳ ಹೆಸರು ಬಂತು. ನೋಟುಪುಸ್ತಕವನ್ನು ಅವನ ಮುಂದಿಟ್ಟು, "ಸಹಿ ಮಾಡು" ಎಂದೆ. ಅದು ಮುನ್ನೂರ ಹನ್ನೆರಡನೆಯ ಸಹಿ.

ಶ್ರೀನಿಧಿ ಪ್ರತಿಯೊಂದು ಪುಟವನ್ನೂ ಕೇಂದ್ರ ಕಚೇರಿಗೆ ಕಳಿಸಿದ. ಅವರು ನಾಲ್ಕು ದಿನ ತೆಗೆದುಕೊಂಡರು. ಆ ನಾಲ್ಕು ದಿನವೂ ನಾನು, ಬಾಳವ್ವ, ಇನ್ನೂ ಇಪ್ಪತ್ತು ಜನ ಪಾರ್ವತಿಯ ಬಾಗಿಲಲ್ಲಿ ಕುಳಿತಿದ್ದೆವು. ಐದನೆಯ ದಿನ ತಲೆಗಿಷ್ಟು ಎಂದು ಸಮನಾಗಿ ನೀರು ಬಂತು. ಹೆಚ್ಚುಕಡಿಮೆ ಮನೆಗೆ ಮೂರು ಕೊಡ. ಯಾರಿಗೂ ಸಾಲದು, ಯಾರೂ ಸಾಯುವುದಿಲ್ಲ. ಚೆನ್ನವೀರ ಮತ್ತು ಅವನ ನಾಲ್ವರನ್ನು ಪೊಲೀಸರು ಜೀಪಿನಲ್ಲಿ ಕರೆದೊಯ್ದರು. ಕಂಪನಿಯವರನ್ನು ಯಾರೂ ಕರೆದೊಯ್ಯಲಿಲ್ಲ. ನನ್ನನ್ನೂ ಯಾರೂ ಕರೆದೊಯ್ಯಲಿಲ್ಲ.

ಪಾರ್ವತಿ ಈಗ ಶಾಲೆಗೆ ಬರುತ್ತಿದ್ದಾಳೆ. ಕೆಲವು ಮಕ್ಕಳ ಬೆರಳುಗಳು ಇನ್ನು ನೆಟ್ಟಗಾಗುವುದಿಲ್ಲ. ಎಡಗೈಯಲ್ಲಿ ಬರೆಯಲು ಕಲಿಸುತ್ತಿದ್ದೇನೆ.

ತಂದೆ ಶಿವನೇ, ನನ್ನ ದಾನಮ್ಮ ನಿನ್ನ ಬಳಿಗೆ ಶಾಂತಿಯಿಂದ ಬರಲಿಲ್ಲ. ಕೂಗುತ್ತ ಬಂದಳು. ಆ ಇಪ್ಪತ್ತೆರಡು ನಿಮಿಷಗಳಲ್ಲಿ ಅವಳು ನಿನ್ನ ಹೆಸರನ್ನು ಮರೆತಿದ್ದರೆ ಅದನ್ನು ಅವಳ ತಪ್ಪೆಂದು ಎಣಿಸಬೇಡ. ಅವಳ ಮುರಿದ ಕೈಗಳನ್ನು ನಿನ್ನ ಕೈಗಳಿಂದ ಹಿಡಿದುಕೊ. ಅವಳ ಭಯವನ್ನು ತೆಗೆ, ನೆನಪನ್ನೂ ತೆಗೆ. ಬೆಂದ ಆ ಮುದುಕನನ್ನೂ, ಬಿದ್ದ ಆ ಬಾಣಂತಿಯನ್ನೂ, ತೊಟ್ಟಿಲಲ್ಲಿ ಒಣಗಿದ ಕೂಸನ್ನೂ ಅವಳ ಹತ್ತಿರವೇ ಇರಿಸು, ಅವಳಿಗೆ ಜನ ಬೇಕು. ನನಗೆ ಕ್ಷಮೆಯನ್ನು ಕೇಳುವುದಿಲ್ಲ. ನನ್ನ ಮಗಳಿಗೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.